ಹೊಂಗೆಯ ಮೇಲೆ ಹನ್ನೊಂದು ಬೇರು

ಫೆಬ್ರವರಿ 4, 1962, ಭಾನುವಾರ

ಅಷ್ಟಗ್ರಹ ಕೂಟದಿಂದ ಇವತ್ತು ಲೋಕ ಮುಳುಗುತ್ತದೆ ಎಂದು ದಾವಣಗೆರೆಯಲ್ಲಿ ಅರ್ಧಕ್ಕರ್ಧ ಅಂಗಡಿ ಬಾಗಿಲು ತೆಗೆದಿರಲಿಲ್ಲ. ಅವ್ವ ಬೆಳಿಗ್ಗೆಯೇ ಕೈಗೆ ಒಂದು ತೆಂಗಿನಕಾಯಿ ಕೊಟ್ಟು, ಉಕ್ಕಡಗಾತ್ರಿಯ ಗುಡಿಯಲ್ಲಿ ಅಜ್ಜಯ್ಯನಿಗೆ ಒಡೆಸಿಕೊಂಡು ಬಾ ಎಂದಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವನು ಇಂಥದಕ್ಕೆಲ್ಲ ಹೋಗುತ್ತಾನೆಯೇ ಎಂದು ಅನ್ನಬಹುದಿತ್ತು, ಅನ್ನಲಿಲ್ಲ. ಹರಿಹರದಿಂದ ಮುಂದಕ್ಕೆ ಬಸ್ಸಿನಲ್ಲಿ ನಾನೊಬ್ಬನೇ. ನಂದಿಗುಡಿಗೆ ಬಂದದ್ದೇ ಡ್ರೈವರ್ ಎಂಜಿನ್ ಆರಿಸಿಬಿಟ್ಟ.

"ಮುಂದಕ್ಕೆ ಹೋಗಲ್ರಿ. ಮನಿಗೆ ಹೋಗಿ ಹುಡುಗ್ರ ಮುಖ ನೋಡ್ತೀನಿ."

"ನಾನು ಹೆಂಗೆ ಹೋಗ್ಲಿ?"

"ನಡ್ಕಂಡು ಹೋಗ್ರಿ. ಮುಳುಗೋದಾದ್ರೆ ಎಲ್ಲಿದ್ರೂ ಒಂದೇ ಅಲ್ಲೇನ್ರಿ?"

ಹೊಳೆಯ ಪಕ್ಕದ ದಾರಿಯಲ್ಲಿ ನಡೆದೆ. ನಡೆದದ್ದು ಒಳ್ಳೆಯದೇ ಆಯಿತು. ಅರ್ಧ ದಾರಿಯಲ್ಲಿ ಒಂದು ಹಳೆಯ ಹೊಂಗೆಮರದ ಕವಲಿನಲ್ಲಿ ಆರ್ಕಿಡ್ ಗಿಡ ಕಂಡಿತು. ಮಲೆನಾಡಿನ ಕಾಡಿನಲ್ಲಿ ನೋಡಿದ್ದೇನೆ, ಈ ಬಿಸಿಲು ಬಯಲಿನಲ್ಲಿ ಇದೇ ಮೊದಲು. ಹದಿನಾಲ್ಕು ಎಲೆ. ಗಾಳಿಯಲ್ಲಿ ಇಳಿಬಿದ್ದ ಬೇರು ಹನ್ನೊಂದು, ಬೂದು ಬಣ್ಣ, ಬೆರಳಿಗಿಂತ ತುಸು ಸಣ್ಣ. ಎರಡು ಸಲ ಎಣಿಸಿದೆ.

ಕಾಯಿ ಒಡೆಸಿದೆ. ಲೋಕ ಮುಳುಗಲಿಲ್ಲ.

ಫೆಬ್ರವರಿ 6, ಮಂಗಳವಾರ

ವಿಭಾಗದ ಮುಖ್ಯಸ್ಥರಿಗೆ ಗಿಡದ ಚಿತ್ರ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಬರೀ ಸಿಕ್ಕಿತು ಅಂತ ಬರೆದರೆ ಯಾರೂ ಓದೋದಿಲ್ಲ ಬಸವರಾಜ್. ಹೋಲಿಸಿ ಬರೀರಿ. ಅದು ಕೂತಿರೋ ಹೊಂಗೆ ಒಂದು ಕಡೆ, ಈ ಗಿಡ ಒಂದು ಕಡೆ. ಬಿಸಿಲು ಒಂದೇ, ಗಾಳಿ ಒಂದೇ. ಒಂದರ ಬೇರು ಮಣ್ಣಲ್ಲಿ, ಇನ್ನೊಂದರದು ಗಾಳೀಲಿ. ಯಾವುದು ಎಷ್ಟು ನೀರು ಕಳಕೊಳ್ಳುತ್ತೆ ನೋಡಿ."

ಹೂ ಬಿಡುವ ಹೊತ್ತಿಗೆ, ಮೇ ತಿಂಗಳಲ್ಲಿ, ಮೈಸೂರಿನಿಂದ ಅವರ ಗುರುಗಳನ್ನು ಕರೆಸುತ್ತಾರಂತೆ. ಅವರು ಒಪ್ಪಿದರೆ ಜುಲೈಯಿಂದ ಮೈಸೂರಿನಲ್ಲಿ ಸಂಶೋಧನೆಗೆ ನನಗೊಂದು ಜಾಗ. ಆರು ವರ್ಷದಿಂದ ಇಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಗಾಜಿನ ಸಾಮಾನು ತೊಳೆಸಿದ್ದು ಸಾಕು.

ಅವ್ವನಿಗೆ ಮಂಡಿನೋವಂತೆ.

ಫೆಬ್ರವರಿ 18, ಭಾನುವಾರ

ಮೊದಲ ಅಳತೆ. ಕೋಬಾಲ್ಟ್ ಕಾಗದ ಒಣಗಿದ್ದಾಗ ನೀಲಿ, ತೇವ ಹೀರಿದರೆ ಗುಲಾಬಿ. ಎಲೆಯ ಅಡಿಗೆ ಕ್ಲಿಪ್ಪು ಹಾಕಿ ಗಡಿಯಾರ ನೋಡುತ್ತ ಕೂರುವುದು. ಹೊಂಗೆ ಎಲೆಯಲ್ಲಿ ನಾಲ್ಕು ನಿಮಿಷಕ್ಕೆ ಪೂರಾ ಗುಲಾಬಿ. ಆರ್ಕಿಡ್ ಎಲೆಯಲ್ಲಿ ಎರಡು ಗಂಟೆ ಕಾದರೂ ನೀಲಿಯೇ. ಹಗಲಲ್ಲಿ ಒಂದು ಹನಿಯನ್ನೂ ಬಿಟ್ಟುಕೊಡುವುದಿಲ್ಲ! ಹೊಂಗೆಗೆ ಆ ಲೆಕ್ಕಾಚಾರವೇ ಇಲ್ಲ, ಬೇರು ಹೊಳೆಯ ಮಣ್ಣಲ್ಲಿದೆ, ಎಳೆದದ್ದನ್ನೆಲ್ಲ ಬಿಡುತ್ತದೆ. ಹೊಂಗೆಯ ಬಗ್ಗೆ ಇನ್ನೇನೂ ಬರೆಯುವಂತಿಲ್ಲ. ಊರಿಗೊಂದು ನೂರು ಇವೆ.

ದಾರಿಯಲ್ಲಿ ಚುನಾವಣೆಯ ಜೀಪುಗಳ ಧೂಳು. ಕಾಗದ ಇಡುವ ಬಾಟಲಿಗೆ ಬಟ್ಟೆ ಸುತ್ತಬೇಕು.

ಅವ್ವನ ಬಲಮಂಡಿ ಊದಿದೆ.

ಮಾರ್ಚ್ 4, ಭಾನುವಾರ, ಶಿವರಾತ್ರಿ

ಅಳತೆಗೆ ಹೋಗಲಾಗಲಿಲ್ಲ. ಅವ್ವ ಪೂಜೆಗೆ ಕುಳಿತವಳು ಮೇಲೆ ಏಳಲಿಲ್ಲ. ನಾನು ರಟ್ಟೆ ಹಿಡಿದು ಎತ್ತಿದೆ. ಹರಿಹರದಿಂದ ಅಕ್ಕ ಅನ್ನಪೂರ್ಣ ಬಂದಿದ್ದಳು. ಮಧ್ಯಾಹ್ನದ ರೈಲಿಗೆ ಅವ್ವನನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಪಂಡಿತ ಪಂಚಾಕ್ಷರಪ್ಪನವರಿಗೆ ತೋರಿಸಿದೆವು. ಅವರು ಎರಡೂ ಮಂಡಿ ಒತ್ತಿ ನೋಡಿದರು.

"ವಾತ. ರಾಸ್ನೆ ಬೇರಿನ ಕಷಾಯ ಆಗಬೇಕು. ಆದ್ರೆ ಖರೇ ರಾಸ್ನೆ ಈಗ ಸಿಗದಿಲ್ಲ. ಪ್ಯಾಟಿಯಾಗ ಆ ಹೆಸರಲ್ಲಿ ಏನೇನೋ ಕಡ್ಡಿ ಮಾರ್ತಾರ."

"ಹೆಂಗಿರತೈತ್ರಿ ಅದು?" ಅಕ್ಕ ಕೇಳಿದಳು.

"ಮರದ ಮ್ಯಾಲೆ ಬಂದಣಿಕೆ ಇದ್ದಂಗೆ. ದಪ್ಪ ಎಲೆ, ಬೇರು ಜೋತುಬಿದ್ದಿರ್ತಾವು. ಮೊದಲು ಹೊಳಿ ದಂಡಿಗೆ ಇದ್ದವು."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

ಮಾರ್ಚ್ 11, ಭಾನುವಾರ

ಹೊಂಗೆ ಎಲೆ ಉದುರಿಸುತ್ತಿದೆ. ಈ ವಾರ ಹೊಂಗೆಯ ಅಳತೆ ಇಲ್ಲ. ಆರ್ಕಿಡ್: ಎರಡೂವರೆ ಗಂಟೆ, ನೀಲಿ.

ಪಂಡಿತರ ಮಾತಿನ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಹೇಳುವಂಥದ್ದೂ ಇಲ್ಲ. ಆ ಬೇರಿನಿಂದ ಕೀಲುನೋವು ವಾಸಿಯಾಗುತ್ತದೆ ಎಂದು ಯಾವ ಪ್ರಯೋಗವೂ ತೋರಿಸಿದ್ದು ನನಗೆ ಗೊತ್ತಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ದಿನಕ್ಕೆ ಮೂರು.

ಮಾರ್ಚ್ 16, ಶುಕ್ರವಾರ

ಮಾತ್ರೆಯಿಂದ ಅವ್ವನಿಗೆ ಹೊಟ್ಟೆಯುರಿ. ನಿನ್ನೆಯಿಂದ ಊಟ ಸೇರುತ್ತಿಲ್ಲ. ಡಾಕ್ಟರೇ ನಿಲ್ಲಿಸಿ ಎಂದರು. ಪಕ್ಕದ ಮನೆಯ ಮಾಸೂಮಾ, ಮನೆಯಲ್ಲೇ ಬಟ್ಟೆ ಹೊಲಿಯುವಾಕೆ, ಹೊಂಗೆಎಣ್ಣೆ ಬೆಚ್ಚಗೆ ಮಾಡಿ ತಂದು ಅವ್ವನ ಮಂಡಿಗೆ ತಿಕ್ಕಿದಳು. ಮನೆಯೆಲ್ಲ ಕಮಟು ವಾಸನೆ.

ಮಾರ್ಚ್ 19, ಸೋಮವಾರ

ಮಾಸೂಮಾಗೆ ಮದುವೆ ಮನೆಯ ಹೊಲಿಗೆ ಬಂದಿದೆ. ಬಾಗಿಲಲ್ಲೇ ನಿಂತು ಬಟ್ಟಲು ನನ್ನ ಕೈಗೆ ಕೊಟ್ಟಳು.

"ನೀವೇ ತಿಕ್ರಿ ಅಣ್ಣಾರ. ಮೇಲಿಂದ ಕೆಳಗೆ. ಜೋರು ಬ್ಯಾಡ."

"ನಂಗೆ ಬರಲ್ಲ."

"ಅದ್ರಾಗೆ ಬರೋದೇನೈತ್ರಿ? ಕೈ ಅದಾವಲ್ಲ."

ಅವ್ವ ಸೀರೆಯನ್ನು ಮಂಡಿಯ ಮೇಲೆ ಬಿಗಿಯಾಗಿ ಹಿಡಿದು, ಗಂಡುಮಗನ ಕೈಲಿ ಕಾಲು ತಿಕ್ಕಿಸ್ಕೊಳ್ಳೋದು ಅಂದ್ರೇನು, ನಾಳೆ ಮಾಸೂಮಾನೇ ಬರ್ತಾಳ ಬಿಡು ಎಂದಳು. ನಾಳೆಯೂ ಬರುವುದಿಲ್ಲ ಎಂದೆ. ಆಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡು ಕಾಲು ಚಾಚಿದಳು. ಹತ್ತು ನಿಮಿಷ.

ಏಪ್ರಿಲ್ 1, ಭಾನುವಾರ

ಇವತ್ತಿನ ಅಳತೆ ಕೆಟ್ಟಿತು. ಕಾಗದದ ಮೇಲೆ ಅಲ್ಲಲ್ಲಿ ಮಚ್ಚೆ, ಆ ಜಾಗದಲ್ಲಿ ಬಣ್ಣವೇ ತಿರುಗಲಿಲ್ಲ. ನನ್ನ ಬೆರಳಿನ ಎಣ್ಣೆ. ಇನ್ನು ಮೇಲೆ ಹೊರಡುವ ಮುಂಚೆ ಎರಡು ಸಲ ಸೋಪು ಹಾಕಿ ತೊಳೆಯಬೇಕು. ಆರ್ಕಿಡ್‌ನಲ್ಲಿ ಎಲೆಯ ಕಂಕುಳಿನಿಂದ ಹೂದಂಟು ಹೊರಟಿದೆ, ಒಂದು ಅಂಗುಲ.

ಅವ್ವ ಈಗ ಗೋಡೆಗೆ ಮುಖ ಮಾಡುವುದಿಲ್ಲ. ಇವತ್ತು ತಿಕ್ಕುವಾಗ ಒಂದು ವಿಷಯ ಹೇಳಿದಳು. ಈ ಬಲಮಂಡಿಗೆ ಮೊದಲು ಪೆಟ್ಟು ಬಿದ್ದದ್ದು ಅವಳಿಗೆ ಹದಿನಾಲ್ಕು ವರ್ಷವಿದ್ದಾಗ, ಭಾನುವಳ್ಳಿಯ ತವರುಮನೆಯ ಹಿತ್ತಲಲ್ಲಿ ಹುಣಸೆಮರದಿಂದ ಬಿದ್ದು. ಮೂರನೆಯ ದಿನ ಹೆಣ್ಣು ನೋಡಲು ಅಪ್ಪನ ಕಡೆಯ ತಾತ ಬಂದರಂತೆ. ಹುಡುಗಿಯ ಕಾಲು ಸರಿಯಿದೆಯೋ ಇಲ್ಲವೋ ಎಂದು ನಾಲ್ಕು ಸಲ ನಡೆಸಿ, ಕೂರಿಸಿ, ಎಬ್ಬಿಸಿದರಂತೆ. "ನಕ್ಕೋತನೇ ನಡೆದೆ. ಒಳಗೆ ಹೋಗಿ ಅಡಿಗಿಮನ್ಯಾಗ ಸೆರಗು ಕಚ್ಚಿಕೊಂಡು ಅತ್ತೆ. ನಿಮ್ಮಪ್ಪಗೆ ಕೊನೀವರೆಗೂ ಗೊತ್ತಿರಲಿಲ್ಲ." ಹೇಳುತ್ತ ನಗುತ್ತಿದ್ದಳು. ಮೂವತ್ತು ವರ್ಷದಲ್ಲಿ ನನಗೂ ಗೊತ್ತಿರಲಿಲ್ಲ. ಇನ್ನೇನು ಗೊತ್ತಿಲ್ಲವೋ.

ಏಪ್ರಿಲ್ 5, ಗುರುವಾರ, ಯುಗಾದಿ

ಬೇವು ಬೆಲ್ಲ. ಹೋಳಿಗೆ ನಾನೇ ಮಾಡಲು ಹೋಗಿ ಎಲ್ಲ ಹರಿದವು. ಅವ್ವ ಮಂಚದಿಂದಲೇ ಹೇಳಿಕೊಟ್ಟಳು. ಕೊನೆಯ ಎರಡು ದುಂಡಗೆ ಬಂದವು.

ಏಪ್ರಿಲ್ 15, ಭಾನುವಾರ

ಹೊಂಗೆ ಹೊಸ ಎಲೆ: ಮೂರು ನಿಮಿಷ. ಆರ್ಕಿಡ್: ನೀಲಿ. ಏಳು ಮೊಗ್ಗು.

ಉಕ್ಕಡಗಾತ್ರಿಯಿಂದ ಬರುವಷ್ಟರಲ್ಲಿ ಅಕ್ಕ ಮನೆಗೆ ಬಂದಿದ್ದಳು. ನನ್ನ ಮೇಜಿನ ಮೇಲಿದ್ದ ಚಿತ್ರ ಅವಳ ಕೈಯಲ್ಲಿತ್ತು.

"ಇದೇನೋ ಇದು?"

"ನನ್ನ ಕೆಲಸದ್ದು."

"ದಪ್ಪ ಎಲೆ. ಜೋತುಬಿದ್ದ ಬೇರು. ಪಂಡಿತರು ಹೇಳಿದ್ದು ಇದೇ ಅಲ್ಲೇನು?"

ಹೌದು ಎಂದೆ.

"ಎಂದಿನಿಂದ ಗೊತ್ತೈತೆ ನಿಂಗೆ?"

"ಗಿಡ ಕಂಡದ್ದು ಫೆಬ್ರವರಿಯಾಗ."

ಅವಳು ಚಿತ್ರವನ್ನು ಮೇಜಿನ ಮೇಲೆ ಎಸೆದಳು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಅವ್ವ ತೆವಳಿಕೊಂಡು ಬಚ್ಚಲಿಗೆ ಹೋಗ್ತಾಳ. ನೀನು ಭಾನುವಾರ ಭಾನುವಾರ ಔಷಧಿ ನೋಡ್ಕಂಡು ಬರ್ತೀಯ! ಹಡೆದಾಕಿಗಿಂತ ಗಿಡ ಹೆಚ್ಚಾತೇನೋ?" ಎಂದಳು.

ಆ ಗಿಡ ಈ ತಾಲ್ಲೂಕಿಗೆಲ್ಲ ಬಹುಶಃ ಒಂದೇ ಎಂದೆ. ಆ ಔಷಧಿಗೆ ಆಧಾರವಿಲ್ಲ ಎಂದೆ. ಇನ್ನೂ ಏನೇನೋ ಹೇಳಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

"ಅವ್ವಗೆ ಅದನ್ನ ಹೇಳು," ಎಂದು ಅಕ್ಕ ಚೀಲ ಎತ್ತಿಕೊಂಡು ಸಂಜೆಯ ರೈಲಿಗೆ ಹೊರಟುಹೋದಳು. ಅವ್ವ ಒಳಗಿನ ಕೋಣೆಯಲ್ಲೇ ಇದ್ದಳು. ಎಲ್ಲ ಕೇಳಿಸಿರಬೇಕು.

ಏಪ್ರಿಲ್ 16, ಸೋಮವಾರ

ಎಣ್ಣೆ ತಿಕ್ಕುವಾಗ ಅವ್ವನೇ ಮಾತು ತೆಗೆದಳು.

"ಆ ಗಿಡ ಹೂ ಬಿಡತೈತೇನು?"

"ಬಿಡತೈತೆ. ಏಳು ಮೊಗ್ಗು ಬಂದಾವೆ."

"ಯಾವ ಬಣ್ಣ?"

"ಹಳದಿ ಮ್ಯಾಲೆ ಕಂದು ಗೆರೆ. ತುಟಿ ನೀಲಿ."

"ಹೂವಿಗೆ ತುಟಿ?" ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, "ಅನ್ನಪೂರ್ಣಂದು ಬಾಯಿ ಜೋರು. ಮನಸಿಗೆ ಹಚ್ಕೋಬ್ಯಾಡ. ಕೀಳಬ್ಯಾಡ ಅದನ್ನ. ನಿನ್ನ ಕೆಲಸ ಕೆಡಿಸ್ಕೋಬ್ಯಾಡ," ಎಂದಳು.

ಬೇರು ತಂದುಕೊಡು ಎಂದು ಕೇಳಿದ್ದರೆ ವಾದ ಮಾಡಬಹುದಿತ್ತು.

ಏಪ್ರಿಲ್ 22, ಭಾನುವಾರ

ಕೊನೆಯ ಸಲ ಸರಿಯಾದ ಅಳತೆ ತೆಗೆದುಕೊಂಡು, ಆಮೇಲೆ ಬ್ಲೇಡಿನಿಂದ ನಾಲ್ಕು ಬೇರು ಕತ್ತರಿಸಿದೆ. ಉದ್ದನೆಯವು. ಹೊರಗೆ ಬೆಳ್ಳಗಿನ ಬೆಂಡು, ಒಳಗೆ ಹಸಿರು, ನಡುವೆ ದಾರದಂಥ ಎಳೆ. ಏಳು ಬೇರು ಉಳಿದಿವೆ. ಗಿಡ ಸಾಯಲಿಕ್ಕಿಲ್ಲ. ಆದರೆ ಫೆಬ್ರವರಿಯಿಂದ ಬರೆದಿಟ್ಟ ಅಂಕಿಗೂ ಇನ್ನು ಮೇಲೆ ಬರೆಯುವ ಅಂಕಿಗೂ ತಾಳೆಯಾಗುವುದಿಲ್ಲ.

ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹರಿಹರದಲ್ಲಿ ಇಳಿದು ಪಂಡಿತರಿಗೆ ಕೊಟ್ಟೆ. ಅವರು ಮೂಸಿ ನೋಡಿ, ಕಣ್ಣಿಗೆ ಒತ್ತಿಕೊಂಡರು. "ಹನ್ನೆರಡು ವರ್ಷಾತು ಇದನ್ನ ಮುಟ್ಟಿ," ಎಂದರು. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹೊಳೆಯ ಕಡೆ ಎಂದಷ್ಟೇ ಹೇಳಿದೆ. ಎರಡು ಬೇರನ್ನು ಒಣಗಿಸಿ ಪುಡಿಮಾಡಿ ಕೊಡುತ್ತೇನೆಂದು ಇಟ್ಟುಕೊಂಡರು, ಎರಡನ್ನು ನನಗೇ ಕೊಟ್ಟು ಕಷಾಯ ಮಾಡುವ ಬಗೆ ಹೇಳಿದರು.

ಬೇರು ತಂದು ಅವ್ವನ ಮುಂದೆ ಇಟ್ಟೆ. ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

ಏಪ್ರಿಲ್ 30, ಸೋಮವಾರ

ಕಷಾಯ ಕೊಡುತ್ತ ಎಂಟು ದಿನ. ನೋವು ಕಡಿಮೆಯಾಗಿದೆ ಎನ್ನುತ್ತಾಳೆ. ನಿನ್ನೆ ಅಕ್ಕ ಬಂದಿದ್ದಾಗ ಅವ್ವ ಯಾರ ಕೈಯನ್ನೂ ಹಿಡಿಯದೆ ಮಂಚದಿಂದ ತಲೆಬಾಗಿಲವರೆಗೆ ನಡೆದಳು. ಹತ್ತು ಹೆಜ್ಜೆ. ಅಕ್ಕ ನನ್ನ ತಲೆ ಸವರಿ ಅತ್ತಳು. ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ಊತ ಹಾಗೆಯೇ ಇದೆ, ದಾರದಿಂದ ಸುತ್ತಳತೆ ತೆಗೆದು ನೋಡಿದೆ.

ಮೊಗ್ಗು ನಾಲ್ಕು ಉದುರಿವೆ.

ಮೇ 13, ಭಾನುವಾರ

ಮೈಸೂರಿನ ಪ್ರೊಫೆಸರು ಬಂದರು. ವಯಸ್ಸಾದವರು, ಕೊಡೆ ಹಿಡಿದುಕೊಂಡು ಹೊಳೆದಾರಿಯಲ್ಲಿ ನಮಗಿಂತ ಚುರುಕಾಗಿ ನಡೆದರು. ಮೂರು ಹೂ ಅರಳಿದ್ದವು. ಅವರು ಹೂವನ್ನು ಒಂದು ಕ್ಷಣ ನೋಡಿ ಬೇರಿನ ಹತ್ತಿರ ಕಣ್ಣು ತಂದರು.

"ಇವು ಮುರಿದದ್ದಲ್ಲ, ಕತ್ತರಿಸಿದ್ದು. ಯಾರು?"

"ನಾನೇ ಸರ್."

"ಯಾತಕ್ಕೆ?"

"ನಮ್ಮ ತಾಯಿಗೆ ಮಂಡಿನೋವು. ಔಷಧಿಗೆ ಬೇಕಿತ್ತು."

ಮುಖ್ಯಸ್ಥರು ಹೊಳೆಯ ಕಡೆ ತಿರುಗಿಬಿಟ್ಟರು.

"ಗುಣವಾಯಿತೆ?"

"ಆಗಿದೆ ಅಂತಾರೆ ಸರ್."

"ಕತ್ತರಿಸಿದ ದಿನ, ಉದುರಿದ ಮೊಗ್ಗು, ಎಲ್ಲವನ್ನೂ ಬರೆಯಿರಿ. ಮುಚ್ಚಿಡಬೇಡಿ," ಎಂದರು. ಬಯ್ಯಲಿಲ್ಲ, ಹೊಗಳಲೂ ಇಲ್ಲ. ಮರದ ನೆರಳಿನಲ್ಲಿ ಕುಳಿತು ಬುತ್ತಿ ತಿಂದೆವು. ಹೊಂಗೆಹೂ ಅವರ ಕೊಡೆಯ ಮೇಲೆಲ್ಲ ಬಿದ್ದಿತ್ತು.

ಮೇ 21, ಸೋಮವಾರ

ಮುಖ್ಯಸ್ಥರು ಕರೆದು, ಈ ವರ್ಷ ಮೈಸೂರಿಗೆ ಬೇರೆಯವರ ಹೆಸರು ಕಳಿಸಿದ್ದೇನೆ ಎಂದರು. "ಇರೋ ಒಂದು ಗಿಡಾನ ಕಾಪಾಡೋಕಾಗದವರನ್ನ ನಾನು ಏನಂತ ಕಳಿಸಲಿ?" ಮಾತು ನ್ಯಾಯವಾದದ್ದೇ. ಕೈಯಲ್ಲಿ ಎಂಥದೋ ವಾಸನೆ ಎಂದೂ ಹೇಳಿದರು.

ಅವ್ವ ಇವತ್ತು ಅಪ್ಪನ ಕೊನೆಯ ದಿನಗಳ ಬಗ್ಗೆ ಮಾತಾಡಿದಳು. ಆಗ ನಾನು ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆಯಿತ್ತು. ಬಸೂಗೆ ಹೇಳಬ್ಯಾಡ, ಓದು ಕೆಡ್ತದೆ ಎಂದು ಅಪ್ಪನೇ ತಡೆದರಂತೆ. ಹದಿಮೂರು ದಿನ ಅವಳೊಬ್ಬಳೇ ಮಗ್ಗುಲು ಬದಲಾಯಿಸಿ ಮಲಗಿಸುತ್ತಿದ್ದಳಂತೆ. ಭಾರ ಹೇಗೆ ಎತ್ತಿದೆ ಎಂದು ಕೇಳಿದೆ. ದುಪ್ಪಟಿಯನ್ನು ಬೆನ್ನಿನ ಕೆಳಗೆ ತೂರಿಸಿ, ಆ ಕಡೆ ಹೋಗಿ ಎಳೆಯಬೇಕು, ಹೊಟ್ಟೆಯಿಂದ ಎತ್ತಬಾರದು, ಎಂದು ಕೈಯಿಂದ ಮಾಡಿ ತೋರಿಸಿದಳು. ಹೇಳಿದ್ದನ್ನು ಅವಳ ಮೇಲೆಯೇ ಮಾಡಿ ನೋಡಿದೆ. ಸುಲಭವಾಗಿ ಬಂತು. ಎಡಮಗ್ಗುಲಿಗೆ ಮಲಗಿಸಿ ಮಂಡಿಯ ನಡುವೆ ದಿಂಬು ಇಟ್ಟರೆ ಅವಳಿಗೆ ಹಾಯೆನಿಸುತ್ತದೆ. ಇದನ್ನು ಮೊದಲೇ ಮಾಡಬಹುದಿತ್ತು.

ಭಾನುವಾರ ಹೊಳೆಗೆ ಹೋಗಿರಲಿಲ್ಲ.

ಜೂನ್ 10, ಭಾನುವಾರ

ಬೆಳಿಗ್ಗೆ ಅಕ್ಕ ಬಂದಳು. ಜೊತೆಗೆ ಓಬಕ್ಕ ಎಂಬಾಕೆ, ನಂದಿಗುಡಿ ಕಡೆಯವಳು, ಪಂಡಿತರಿಗೆ ಬೇರುನಾರು ತಂದುಕೊಡುವವಳು. ಸೊಂಟದಲ್ಲಿ ಕುಡುಗೋಲು.

ಪಂಡಿತರ ಪುಡಿ ಮುಗಿದಿದೆ. ಅಕ್ಕ ಎಲ್ಲ ಯೋಚಿಸಿಕೊಂಡೇ ಬಂದಿದ್ದಳು. "ನಾಕು ಬೇರಿಗೇ ಇಷ್ಟು ಗುಣ ಆತು. ಉಳಿದ ಏಳೂ ಕುಡಿದ್ರೆ ಶ್ರಾವಣಕ್ಕೆ ಅವ್ವ ತಾನೇ ನಡ್ಕಂಡು ಗುಡಿಗೆ ಹೋಗ್ತಾಳ. ಹೆಂಗೂ ನಿನ್ನ ಮೈಸೂರು ತಪ್ಪಿತಲ್ಲ. ಇನ್ನ ಯಾಕ ಬೇಕು ಅದು?"

"ಮರ ಯಾವುದಂತ ತೋರಿಸ್ರಿ ಸಾಕು," ಎಂದಳು ಓಬಕ್ಕ. "ನಾ ಹತ್ತತೀನಿ. ನಾ ಸೊಸಿಯಾಗಿ ಬಂದಾಗ ಹೊಳಿದಂಡಿ ತುಂಬ ಇದ್ವು ಇವು. ನಾವೇ ಕಿತ್ತು ಕಿತ್ತು ಮುಗಿಸಿದ್ವಿ. ಇದೊಂದು ಹೆಂಗೆ ಕಣ್ಣು ತಪ್ಪಿಸ್ಕಂತೋ!"

ನಾನು ಅವ್ವನ ಮಂಚದ ಕಡೆ ನೋಡಿದೆ. ರಾತ್ರಿಯೆಲ್ಲ ಅವಳು ನಿದ್ದೆ ಮಾಡಿರಲಿಲ್ಲ. ಹತ್ತು ಗಂಟೆಯ ಬಸ್ಸಿದೆ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

"ಬಸೂ, ಚಪ್ಪಲಿ ಬಿಡು," ಎಂದಳು ಅವ್ವ.

"ಬೇಗ ಬರ್ತೀವಿ ಅವ್ವ."

"ಬಿಡು ಅಂದೆ." ಗೋಡೆ ಹಿಡಿದು ಎದ್ದು ಕುಳಿತಳು. "ಅನ್ನಪೂರ್ಣಾ, ಆ ಕಷಾಯದಿಂದ ಏನೂ ಆಗಿಲ್ಲ. ಒಂದು ದಿನಾನೂ ಏನೂ ಆಗಿಲ್ಲ."

ಅಕ್ಕನಿಗೆ ಅರ್ಥವಾಗಲಿಲ್ಲ. "ಕಮ್ಮಿ ಆಗೈತೆ ಅಂದ್ಯಲ್ಲ. ನನ್ನ ಕಣ್ಣೆದುರಿಗೇ ನಡೆದ್ಯಲ್ಲ!"

"ನಡೆದೆ. ನೀನು ಹೋದ ಮ್ಯಾಲೆ ಎರಡು ದಿನ ಕಾಲು ಮಡಚೋಕಾಗಲಿಲ್ಲ."

"ಯಾಕವ್ವ ಹಂಗೆ ಮಾಡಿದೆ?"

"ಇವನು ಬೇರು ತಂದು ಮುಂದಿಟ್ಟು ನಿಂತಿದ್ದ. ಇವನ ಮುಖ ನೋಡಬೇಕಿತ್ತು ನೀನು. ಏನನ್ನಬೇಕಿತ್ತು ನಾನು? ಉಪಯೋಗ ಇಲ್ಲ ಅನ್ನಬೇಕಿತ್ತೇನು?" ಉಸಿರು ತೆಗೆದುಕೊಂಡಳು. "ಈಗ ನೀನು ಕುಡುಗೋಲು ಕರ್ಕಂಡು ಬಂದೀ. ಇನ್ನೂ ಎಷ್ಟು ಸುಳ್ಳು ಹೇಳ್ಲಿ?"

ಓಬಕ್ಕ ಕುಡುಗೋಲನ್ನು ಹೊಸ್ತಿಲ ಆಚೆ ಇಟ್ಟು ಒಳಗೆ ಬಂದು, ಮಂಚದ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಅವ್ವನ ಮಂಡಿ ಮುಟ್ಟಿದಳು. "ಯವ್ವಾ, ಇಷ್ಟು ಊದಿರೋ ಕಾಲಾಗ ಹತ್ತು ಹೆಜ್ಜಿ ಇಟ್ಟೆಯಾ?" ಎಂದಳು. ಅಕ್ಕ ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸತೊಡಗಿದಳು. ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಮಾಡಿದಳು. ಓಬಕ್ಕ ಎರಡು ಸಲ ಹಾಕಿಸಿಕೊಂಡಳು. ಹೋಗುವಾಗ ಅಕ್ಕ ನನಗೆ, "ಆ ಚಿತ್ರ ಚೆನ್ನಾಗಿ ಬರೆದೀ," ಎಂದಳು.

ಹತ್ತರ ಬಸ್ಸು ಹೋಗಿತ್ತು. ಚಪ್ಪಲಿ ಇನ್ನೂ ನನ್ನ ಕಾಲಲ್ಲೇ ಇತ್ತು.

ಜೂನ್ 11, ಸೋಮವಾರ

ಮೈಸೂರಿನ ಪ್ರೊಫೆಸರಿಗೆ ಕಾರ್ಡು ಬರೆದೆ. ಔಷಧಿಯಿಂದ ಗುಣವಾಯಿತೆಂದು ತಮ್ಮೆದುರು ಹೇಳಿದ್ದೆ, ಅದು ತಪ್ಪು ಮಾಹಿತಿ, ಗುಣವಾಗಿಲ್ಲ. ಏಳು ಬೇರು ಉಳಿದಿವೆ. ಇಷ್ಟೇ.

ಕಾಲೇಜಿನಿಂದ ಬಂದು ಎಣ್ಣೆ ಬೆಚ್ಚಗೆ ಮಾಡಿದೆ. ಹೊರಗೆ ಮೋಡ ಕಟ್ಟಿತ್ತು, ಗಾಳಿಗೆ ಬಾಗಿಲು ಬಡಿಯುತ್ತಿತ್ತು, ಎದ್ದು ಅಗಳಿ ಹಾಕಿ ಬಂದೆ. ಬಲಮಂಡಿಯಿಂದ ಶುರು ಮಾಡಿದೆ. ಕೇಳಲೋ ಬೇಡವೋ ಎಂದು ನಿನ್ನೆಯಿಂದ ಇದ್ದದ್ದನ್ನು ಕೇಳಿಬಿಟ್ಟೆ.

"ಈ ಎಣ್ಣೆಯಿಂದಾದ್ರೂ ಏನಾದ್ರೂ ಆಗೈತೇನವ್ವ? ಖರೇ ಹೇಳು."

ಅವ್ವ ಸೂರು ನೋಡುತ್ತ ಯೋಚಿಸಿದಳು. ನಿಜವನ್ನೇ ಹೇಳಬೇಕೆಂದು ಯೋಚಿಸುತ್ತಿದ್ದಳು, ಅದು ಕಾಣುತ್ತಿತ್ತು.

"ತಿಕ್ಕೋವಾಗ ಸುಮ್ಮನಿರತೈತೆ. ನೀನು ಕೈ ತೊಳೆಯೋಕೆ ಹೋದ ಕೂಡ್ಲೇ ಮತ್ತೆ ಶುರುವಾಗತೈತೆ."

"ಹಂಗಾದ್ರೆ ಇದೂ ಉಪಯೋಗ ಇಲ್ಲ."

"ಇಲ್ಲ," ಎಂದಳು. "ಆದ್ರೆ ಬಿಡಬ್ಯಾಡ."

ಬಲಗಾಲು ಮುಗಿಸಿ ಎಡಗಾಲು ಹಿಡಿದುಕೊಂಡೆ.